ಹೆಬ್ಬಾವಿನ ಹಲ್ಲು

ಕುಂಬಾರಕೊಪ್ಪಲು, ಮೈಸೂರು
13–7–2025, ಭಾನುವಾರ

ಚಿ|| ಪವಿತ್ರಳಿಗೆ ಅಪ್ಪ ಮಾಡುವ ಆಶೀರ್ವಾದಗಳು.

ಮೊದಲು ಅಭ್ಯಾಸಬಲದಿಂದ ‘ಚಿ|| ಸೌ||’ ಎಂದು ಬರೆದುಬಿಟ್ಟಿದ್ದೆ. ಆ ಹಾಳೆ ಹರಿದು ಬೇರೆ ಹಾಳೆ ತೆಗೆದುಕೊಂಡಿದ್ದೇನೆ. ನಾನು, ನಿನ್ನ ಅಮ್ಮ ಇಬ್ಬರೂ ಆರೋಗ್ಯವಾಗಿದ್ದೇವೆ. ಮಳೆ ಹಿಡಿದ ಮೇಲೆ ಅವಳ ಮೊಣಕಾಲು ನೋವು ಜಾಸ್ತಿಯಾಗಿದೆ. ಆದರೂ ಆಷಾಢ ಶುಕ್ರವಾರ ಬಸ್ಸು ಹತ್ತದೆ ಮೆಟ್ಟಿಲು ಹತ್ತಿಯೇ ಬೆಟ್ಟಕ್ಕೆ ಹೋಗಿ ಬಂದಳು. ಬಂದು ಎರಡು ದಿನ ಮಲಗಿದಳು. ಹೇಳಿದರೆ ಕೇಳುವವಳಲ್ಲ ದೇವಿರಮ್ಮ, ನಿನಗೇ ಗೊತ್ತು.

ನೀನು ತುಮಕೂರಿಗೆ ಹೋದ ಮೇಲೆ ನಾನು ಬರೆಯುತ್ತಿರುವ ಮೊದಲನೇ ಕಾಗದ ಇದು. ತಡವಾಯಿತು ಎಂದರೆ ಮಾತು ಸಣ್ಣದಾಯಿತು. ನನ್ನ ಫೋನ್ ನೀನು ಎತ್ತುವುದಿಲ್ಲ. ಎತ್ತು ಎಂದು ಕೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಫೋನಾದರೆ ಹೊಡೆದುಕೊಂಡು ಕಾಟ ಕೊಡುತ್ತದೆ, ಕಾಗದ ಪಾಪ ಸುಮ್ಮನೆ ಬಿದ್ದಿರುತ್ತದೆ. ಮನಸ್ಸು ಬಂದರೆ ಒಡೆದು ಓದು, ಇಲ್ಲವಾದರೆ ಬಿಡು. ವಯಸ್ಸಿನಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದ ಕೈ, ಅಕ್ಷರವಾದರೂ ನೋಡುವ ಹಾಗಿರುತ್ತದೆ.

ಒಂದು ಸುದ್ದಿ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಅಪ್ಪ ಈಗ ಸಿನಿಮಾಕ್ಕೆ ಹಾವು ಮಾಡುತ್ತಿದ್ದಾನೆ.

ಹೈಸ್ಕೂಲಿನಲ್ಲಿ ನಿನಗೆ ಸಂಸ್ಕೃತ ಹೇಳಿಕೊಟ್ಟ ಅಲಮೇಲು ಮೇಡಂ ನೆನಪಿದ್ದಾರಲ್ಲ, ಅವರ ಮಗ ಅಭಿರಾಮ. ಅವನ ತಾತ ಅರಮನೆಯಲ್ಲಿ ಓಲೆಗರಿ ಓದುತ್ತಿದ್ದ ಪಂಡಿತರು. ಮೊಮ್ಮಗ ಸಿನಿಮಾ ನಿರ್ದೇಶಕ. ಮೇ ತಿಂಗಳಲ್ಲಿ ಒಂದು ದಿನ ನಮ್ಮ ಶೆಡ್ಡಿಗೆ ಬಂದ. ದಸರಾ ಮೆರವಣಿಗೆಗೆ ನಾನು ಮಾಡಿದ್ದ ಮೊಸಳೆಯನ್ನು ಯಾವಾಗಲೋ ನೋಡಿದ್ದನಂತೆ.

“ನಂಗೊಂದು ಹೆಬ್ಬಾವು ಬೇಕು ಸರ್,” ಎಂದ.

“ಎಷ್ಟುದ್ದ?”

“ನಲವತ್ತೆರಡು ಅಡಿ.”

“ಅಷ್ಟುದ್ದದ ಹೆಬ್ಬಾವು ಎಲ್ಲಿರುತ್ತೆ ಸ್ವಾಮಿ?”

“ಎಲ್ಲೂ ಇರಲ್ಲ. ಅದಕ್ಕೇ ನಿಮ್ಮ ಹತ್ರ ಬಂದಿರೋದು.”

ಆ ಮಾತಿಗೆ ನಾನು ಬಿದ್ದುಹೋದೆ.

ಕಥೆ ಇಷ್ಟು. ಅಣೆಕಟ್ಟಿನ ಹಿನ್ನೀರು ಇಳಿದು, ಮುಳುಗಿಹೋಗಿದ್ದ ಹಳ್ಳಿಯೊಂದು ಕಾಡಿನ ನಡುವೆ ಮೇಲೆ ಬರುತ್ತದೆ. ಅದನ್ನು ಅಳತೆ ಮಾಡಲು ಆರು ಜನ ಹೋಗುತ್ತಾರೆ. ಊರಿನ ಹಳೇ ಬಾವಿಗಳಲ್ಲಿ ಹೆಬ್ಬಾವುಗಳು ಸೇರಿಕೊಂಡಿವೆ, ಒಂದೊಂದೂ ತೆಂಗಿನ ಮರದ ಗಾತ್ರ. ಆರು ಜನರಲ್ಲಿ ಇಬ್ಬರು ಮಾತ್ರ ವಾಪಸು ಬರುತ್ತಾರೆ. “ಆ ಕಾಡಲ್ಲಿ ಹಂದಿ, ಜಿಂಕೆ ಇರಲ್ವಾ? ಮನುಷ್ಯರೇ ಯಾಕೆ ಬೇಕು ಅದಕ್ಕೆ?” ಎಂದು ಕೇಳಿದೆ. “ಹಂದಿ ತಿನ್ನೋದು ನೋಡಕ್ಕೆ ಯಾರು ಸರ್ ಟಿಕೆಟ್ ತಗೋತಾರೆ?” ಎಂದ. ಹರಿದಾಡುವ ಹಾವೆಲ್ಲ ಕಂಪ್ಯೂಟರಿನದಂತೆ. ನುಂಗುವ ಹಾವು ಮಾತ್ರ ನಿಜವಾಗಿ ಇರಬೇಕಂತೆ, ಮುಟ್ಟಿದರೆ ನಟರ ಮೈ ಜುಮ್ಮೆನ್ನಬೇಕಂತೆ. ಸಿನಿಮಾಕ್ಕೆ ಇನ್ನೂ ಹೆಸರಿಟ್ಟಿಲ್ಲ.

ಕಬ್ಬಿಣದ ಕೆಲಸಕ್ಕೆ ಎಂದಿನಂತೆ ಸಣ್ಣಮಾದಯ್ಯನನ್ನು ಕರೆದೆ. ನೀನು ಚಿಕ್ಕಂದಿನಲ್ಲಿ ಮಾದಯ್ಯಮಾವ ಎನ್ನುತ್ತಿದ್ದೆಯಲ್ಲ, ಅವನೇ. ಈಗ ಅರವತ್ತೈದು ದಾಟಿದೆ, ವೆಲ್ಡಿಂಗ್ ಕೈ ಮಾತ್ರ ಹಾಗೇ ಇದೆ. ಮೊದಲು ಒಪ್ಪಲಿಲ್ಲ.

“ಆವಿನ್ ಕೆಲ್ಸ ಬ್ಯಾಡ ಕಣ್ ಪುಟ್ಟಸ್ವಾಮಿ. ನಾಗಪ್ಪಂಗೆ ಆಗಕಿಲ್ಲ.”

“ಇದು ನಾಗಪ್ಪ ಅಲ್ಲ ಕಣಯ್ಯ, ಹೆಬ್ಬಾವು.”

“ಎಲ್ಡಕ್ಕೂ ಕಾಲಿಲ್ಲ ತಾನೆ?”

ಕೊನೆಗೆ ನಿನ್ನ ಅಮ್ಮ ಹುತ್ತಕ್ಕೆ ಹಾಲೆರೆದು ಬಂದ ಮೇಲೆ ವೆಲ್ಡಿಂಗ್ ಟಾರ್ಚು ಹಿಡಿದ.

ನಾಲ್ಕು ದಿನ ಬೆಳಗ್ಗೆ ಝೂಗೆ ಹೋಗಿ ಹೆಬ್ಬಾವಿನ ಮುಂದೆ ಕೂತೆ. ಮೂರು ದಿನ ಅದು ಅಲುಗಾಡಲೇ ಇಲ್ಲ. ನಾಲ್ಕನೇ ದಿನ ಅದನ್ನು ನೋಡಿಕೊಳ್ಳುವವರು ಕರುಣೆ ಬಂದು ಮಾತಾಡಿಸಿದರು. ಹಾವಿಗೆ ರೆಪ್ಪೆಯೇ ಇಲ್ಲವಂತೆ. ಕೆಳದವಡೆ ಎರಡು ತುಂಡಾಗಿ ಅಗಲವಾಗುತ್ತದಂತೆ. “ಹಲ್ಲೆಲ್ಲ ಒಳಕ್ಕೆ ಬಾಗಿರ್ತವೆ ಸಾರ್, ಕೊಕ್ಕೆ ಥರ. ಸಿಕ್ಕಿದ್ದು ಈಚೆಗೆ ಎಳ್ಕಂಡಷ್ಟೂ ಇನ್ನೂ ಕಚ್ಕತದೆ,” ಎಂದರು. ನಾನು ಇಷ್ಟು ವರ್ಷ ಮಾಡಿದ ಹಾವುಗಳಿಗೆಲ್ಲ ನೆಟ್ಟಗಿನ ಹಲ್ಲು ಇಟ್ಟಿದ್ದೆ. ನಾಚಿಕೆಯಾಯಿತು.

ನಿನ್ನ ಲ್ಯಾಬಿನ ಕೆಲಸ ಹೇಗಿದೆ? ರಕ್ತ, ಸೂಜಿ ಎಂದರೆ ಓಡಿಹೋಗುತ್ತಿದ್ದವಳು ಈಗ ಎಲ್ಲರ ರಕ್ತ ತೆಗೆಯುತ್ತೀಯ ಎಂದು ಅಮ್ಮ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಅಪ್ಪ
ಪುಟ್ಟಸ್ವಾಮಿ


ಕುಂಬಾರಕೊಪ್ಪಲು
7–9–2025

ಚಿ|| ಪವಿತ್ರಳಿಗೆ ಅಪ್ಪನ ಆಶೀರ್ವಾದಗಳು.

ಹೋದ ವಾರ ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡುವಾಗ, “ಹಾವಿಗೆ ಕಣ್ಣು ಏನ್ ಇಟ್ರಂತೆ?” ಎಂದು ಕೇಳಿದೆಯಂತೆ. ಅವಳು ಅಡುಗೆಮನೆಯಿಂದ ಓಡಿ ಬಂದು ಹೇಳಿದಳು. ಕಾಗದ ಓದಿದ್ದೀಯ ಎಂದಾಯಿತು. ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ.

ಕಣ್ಣಿಗೆ ಏನೇನೋ ನೋಡಿದೆ. ಗಾಜಿನ ಗೋಲಿ ಚಿಕ್ಕದಾಯಿತು, ಬಲ್ಬು ನಗೆಪಾಟಲಾಯಿತು. ಮಂಡಿ ಮೊಹಲ್ಲಾದಲ್ಲಿ ಹಳೇ ಲಾರಿ ಸಾಮಾನು ಮಾರುವ ಅಂಗಡಿಯಲ್ಲಿ ಹಳದಿ ಗಾಜಿನ ಎರಡು ಹಳೇ ದೀಪ ಸಿಕ್ಕವು. ಹಿಂದುಗಡೆಯಿಂದ ಕಪ್ಪು ಸೀಳು ಬರೆದು ಕೂರಿಸಿದೆ. ಎಲ್ಲಿ ನಿಂತರೂ ನಮ್ಮನ್ನೇ ನೋಡುತ್ತದೆ. ನಿನ್ನ ಅಮ್ಮ ಶೆಡ್ಡಿಗೆ ಕಾಫಿ ತರುವಾಗ ಸೆರಗಿನಿಂದ ಆ ಕಡೆಯ ಕೆನ್ನೆ ಮುಚ್ಚಿಕೊಂಡು ಬರುತ್ತಾಳೆ.

ಹಾವು ಮುಗಿದಿದೆ. ಬಿದಿರು ದಬ್ಬೆಯ ಬಳೆಗಳು, ಅದರ ಮೇಲೆ ಫೋಮು, ಅದರ ಮೇಲೆ ಲಾರಿ ಟ್ಯೂಬು ಕತ್ತರಿಸಿ ಅಂಟಿಸಿದ ಹುರುಪೆ. ಎಷ್ಟು ಹುರುಪೆ ಎಂದು ಕೇಳಬೇಡ, ಕತ್ತರಿ ಹಿಡಿದು ಹೆಬ್ಬೆರಳಿನಲ್ಲಿ ಜಡ್ಡು ಬಿದ್ದಿದೆ. ತಲೆ ಫೈಬರಿನದು, ಒಳಗೆ ಕಬ್ಬಿಣದ ಚೌಕಟ್ಟು. ಮೇಲ್ದವಡೆಗೆ ಹಗ್ಗ ಕಟ್ಟಿ ರಾಟೆಯ ಮೇಲೆ ಹಾಯಿಸಿದ್ದೇವೆ. ಹಗ್ಗ ಎಳೆದರೆ ಬಾಯಿ ತೆರೆಯುತ್ತದೆ, ಮೆಲ್ಲಗೆ ಬಿಟ್ಟರೆ ಮುಚ್ಚುತ್ತದೆ. ದವಡೆ ಎರಡು ಮೂಟೆ ಸಿಮೆಂಟಿನಷ್ಟು ಭಾರ. ಪೂರ್ತಿ ಕುಸಿದು ಕೂರದ ಹಾಗೆ ಬಾಯೊಳಗೆ ಎರಡು ಪಕ್ಕಕ್ಕೂ ಮರದ ತುಂಡು ಕೊಟ್ಟಿದ್ದೇನೆ. ಹೊಟ್ಟೆಯ ಬಳಿ ಒಂದು ಜಿಪ್ಪು ಇದೆ, ರಿಪೇರಿಗೆ ನಾವು ನುಗ್ಗುವುದಕ್ಕೆ.

ಹಲ್ಲಿನ ವಿಷಯಕ್ಕೆ ಅಭಿರಾಮನಿಗೂ ನನಗೂ ಚರ್ಚೆಯಾಯಿತು. “ನೆಟ್ಟಗೆ ಇಡಿ ಸರ್, ಪೋಸ್ಟರಲ್ಲಿ ಚೆನ್ನಾಗಿ ಕಾಣತ್ತೆ. ಯಾರೂ ಬಂದು ಪರೀಕ್ಷೆ ಮಾಡಲ್ಲ,” ಎಂದ. ನಾನು ಕೇಳಲಿಲ್ಲ. ಗಟ್ಟಿ ಫೈಬರಿನಲ್ಲಿ ಎಂಬತ್ತು ಹಲ್ಲು, ಪ್ರತಿಯೊಂದೂ ಗಂಟಲ ಕಡೆಗೆ ಬಾಗಿದ್ದು.

ಹಾವು ನುಂಗುವ ಹುಡುಗಿಯ ಹೆಸರು ಗಾರ್ಗಿ. ಅಗ್ರಹಾರದ ಕಡೆಯವಳು, ಇಪ್ಪತ್ತಾರು ವರ್ಷ. ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್, ಸಂಜೆ ನಾಟಕ. ಸಿನಿಮಾದಲ್ಲಿ ತಂಡದ ಡಾಕ್ಟರು, ಸಾಯುವವರಲ್ಲಿ ಮೂರನೆಯವಳು. ಬಾಯಿಗೆ ಹಿಡಿಸುತ್ತಾಳೋ ಇಲ್ಲವೋ ನೋಡಲು ಶೆಡ್ಡಿಗೆ ಬಂದಿದ್ದಳು. ಚಪ್ಪಲಿ ಬಿಟ್ಟು ಹಾವಿಗೆ ನಮಸ್ಕಾರ ಮಾಡಿ, ಕಾಲು ಮೊದಲು ಒಳಗಿಟ್ಟು ಸೊಂಟದವರೆಗೆ ಜಾರಿ ಮಲಗಿ, “ಆರಾಮಾಗಿದೆ ಅಂಕಲ್, ಒಂದು ದಿಂಬು ಕೊಡಿ,” ಎಂದಳು. ಆಮೇಲೆ ಒಂದು ಸಲ ಕಿರುಚಿ ನೋಡಲೇ ಎಂದು ಕೇಳಿದಳು. ನೋಡಮ್ಮ ಎಂದೆ.

ಪವಿ, ಅಂಥ ಕೂಗನ್ನು ನಾನು ಕೇಳಿರಲಿಲ್ಲ. ಬೀದಿ ಬೀದಿಯೇ ಬಂದುಬಿಟ್ಟಿತು. ಎದುರು ಮನೆಯ ಮಾಲಾ ಕೈಯಲ್ಲಿ ಲಟ್ಟಣಿಗೆ ಹಿಡಿದು ಓಡಿಬಂದಳು. “ಏನಾಯ್ತು ಪುಟ್ಟಸ್ವಾಮಣ್ಣ, ಯಾರ್ಗೇನಾಯ್ತು?” ಎಂದು ಎಲ್ಲರೂ ಗಾಬರಿ. ಹಾವಿನ ಬಾಯಲ್ಲಿ ಮಲಗಿದ್ದ ಗಾರ್ಗಿ ಎಲ್ಲರಿಗೂ ಕೈ ಮುಗಿದು ಸಾರಿ ಕೇಳಿದಳು. ಬಿದ್ದು ಬಿದ್ದು ನಕ್ಕೆವು. ಮರುದಿನವೂ ಅಭ್ಯಾಸಕ್ಕೆ ಬಂದಳು, ಆಗ ಇಬ್ಬರೋ ಮೂವರೋ ಇಣುಕಿದರು. ಮೂರನೇ ದಿನ ಎಷ್ಟು ಕಿರುಚಿದರೂ ಯಾರೂ ಬರಲಿಲ್ಲ. ಮಾಲಾ ಬಟ್ಟೆ ಒಣಗಿಸುತ್ತಲೇ ಇದ್ದಳು.

ದಸರಾ ಮುಗಿದ ಮೇಲೆ ಶೂಟಿಂಗು. ಉತ್ತನಹಳ್ಳಿ ರಸ್ತೆಯ ಒಂದು ಹಳೇ ಗೋದಾಮಿನಲ್ಲಿ ಕಾಡು ಹಾಕುತ್ತಾರಂತೆ. ಅಮ್ಮ ಚಟ್ನಿಪುಡಿ ಕಳಿಸುತ್ತಿದ್ದಾಳೆ, ಡಬ್ಬ ಭದ್ರವಾಗಿ ಮುಚ್ಚಿಡು.

ನಿನ್ನ ಅಪ್ಪ
ಪುಟ್ಟಸ್ವಾಮಿ


ಕುಂಬಾರಕೊಪ್ಪಲು
16–11–2025, ಭಾನುವಾರ

ಚಿ|| ಪವಿತ್ರಳಿಗೆ ಅಪ್ಪ ಮಾಡುವ ಅನೇಕ ಆಶೀರ್ವಾದಗಳು.

ಎರಡು ತಿಂಗಳಿಂದ ಬರೆಯಲಾಗಲಿಲ್ಲ. ಬಲಗೈ ಕಟ್ಟು ಬಿಚ್ಚಿ ನಾಲ್ಕು ದಿನವಾಯಿತು, ಅಕ್ಷರ ಸೊಟ್ಟಗಿದ್ದರೆ ಅದೇ ಕಾರಣ. ನಾನು ಸ್ಕೂಟರಿನಿಂದ ಬಿದ್ದೆ ಎಂದು ಅಮ್ಮ ನಿನಗೆ ಹೇಳಿದ್ದಾಳೆ. ನಾನೇ ಹಾಗೆ ಹೇಳಿಸಿದ್ದು. ಬೀಳಲಿಲ್ಲ. “ಹುಷಾರಾಗಿರಕ್ಕೆ ಹೇಳು,” ಎಂದೆಯಂತೆ. ಅಷ್ಟು ಅಂದ ಮೇಲೆ ನಿನಗೆ ನಡೆದದ್ದನ್ನು ನಡೆದ ಹಾಗೆ ಬರೆಯಬೇಕು ಅನ್ನಿಸಿತು.

ಅಕ್ಟೋಬರ್ ಹದಿನೈದು, ಬುಧವಾರ. ಬೆಳಗ್ಗೆ ಹನ್ನೊಂದು ಗಂಟೆ. ಗೋದಾಮಿನೊಳಗೆ ನಿಜವಾದ ಕಾಡೇ ಇತ್ತು. ಎರಡು ಲಾರಿ ಬಳ್ಳಿ, ಬೇರು, ಒಣಗಿದ ಲಂಟಾನ ತಂದು ಸುರಿದಿದ್ದರು. ಮಧ್ಯದಲ್ಲಿ ಕಲ್ಲುಬಾವಿ, ಬಾವಿಯ ಅಂಚಿನಿಂದ ಹೊರಬಂದ ನನ್ನ ಹಾವು. ಹೊಗೆ ಬಿಟ್ಟು, ದೀಪ ಹಾಕಿದಾಗ ನನಗೇ ಒಂದು ಹೆಜ್ಜೆ ಹಿಂದೆ ಸರಿಯಬೇಕು ಅನ್ನಿಸಿತು.

ದೃಶ್ಯ ಹೀಗೆ. ಹಾವು ಡಾಕ್ಟರನ್ನು ಎದೆಯವರೆಗೆ ನುಂಗಿದೆ. ಅವಳು ಎರಡೂ ಕೈಯಲ್ಲಿ ಆಲದ ಬೇರು ಹಿಡಿದು, ನಾಯಕನ ಹೆಸರು ಹಿಡಿದು ಕೂಗುತ್ತಾಳೆ. ಸಣ್ಣಮಾದಯ್ಯ, ಮತ್ತೊಬ್ಬ ಆಳು ಇಬ್ಬರೂ ಎಲೆಗಳ ಹಿಂದೆ ಹಗ್ಗ ಹಿಡಿದಿದ್ದರು. ನಾನು ಹಾವಿನ ತಲೆಯ ಪಕ್ಕ, ಕ್ಯಾಮೆರಾಕ್ಕೆ ಕಾಣದ ಕಡೆ, ಕುಕ್ಕರಗಾಲಲ್ಲಿ ಕೂತಿದ್ದೆ. ಎರಡು ಟೇಕು ಸರಿಯಾಗಿಯೇ ಆದವು. ಆಮೇಲೆ ಅಭಿರಾಮ ಬಂದು, “ಸರ್, ಬಾಯಿ ಪೂರ್ತಿ ಮುಚ್ತಿಲ್ಲ. ಒಳಗಡೆ ಆ ಮರದ ತುಂಡೂ ಕಾಣ್ತಿದೆ. ಇದೊಂದು ಟೇಕಿಗೆ ತೆಗೀಬಹುದಾ?” ಎಂದ.

ಸಣ್ಣಮಾದಯ್ಯ ಎಲೆಯ ಹಿಂದಿನಿಂದಲೇ, “ಅದ್ ತಗದ್ರೆ ಭಾರೆಲ್ಲ ಅಗ್ಗದ್ ಮ್ಯಾಲೇ ಬೀಳ್ತದೆ ಕಣ್ ಪುಟ್ಟಸ್ವಾಮಿ,” ಎಂದ.

“ಲಾರಿ ಎಳೆಯೋ ಹಗ್ಗ ಕಣಯ್ಯ ಅದು,” ಎಂದು ನಾನೇ ಸುತ್ತಿಗೆ ತೆಗೆದುಕೊಂಡು ಎರಡೂ ತುಂಡು ಬಡಿದು ತೆಗೆದೆ. ಇದನ್ನು ಯಾರ ಮೇಲೂ ಹಾಕುವ ಹಾಗಿಲ್ಲ. ಕೇಳಿದವನು ಅವನು, ತೆಗೆದವನು ನಾನು.

ಹಗ್ಗ ತುಂಡಾಗಲಿಲ್ಲ. ರಾಟೆ ನೇತುಹಾಕಿದ್ದ ಕೊಕ್ಕೆ ಬಿಚ್ಚಿಕೊಂಡಿತು. ದೊಡ್ಡ ಸದ್ದೇನೂ ಆಗಲಿಲ್ಲ. ಟಕ್ ಎಂದಿತು, ಅಷ್ಟೇ. ಮೇಲ್ದವಡೆ ಅವಳ ಎದೆಯ ಮೇಲೆ ಕೂತಿತು. ಹೊರಗಿನಿಂದ ನೋಡುವವರಿಗೆ, ಹಾವು ಬಾಯಿ ಮುಚ್ಚಿತು. ಅದು ಮುಚ್ಚಬೇಕಾದದ್ದೇ ಅಲ್ಲವೇ?

ಗಾರ್ಗಿ ಕಿರುಚಿದಳು. “ಸೂಪರ್! ಸೂಪರ್ ಗಾರ್ಗಿ, ಕೀಪ್ ಗೋಯಿಂಗ್!” ಎಂದು ಅಭಿರಾಮ ಮಾನಿಟರಿನ ಹಿಂದಿನಿಂದ ಕೂಗಿದ. ಲೈಟಿನವರು, ಮೇಕಪ್ಪಿನವರು ಎಲ್ಲ ಬೆರಗಾಗಿ ನೋಡುತ್ತಿದ್ದರು. ನಿನ್ನ ಹತ್ತಿರ ಸುಳ್ಳು ಯಾಕೆ, ನಾನೂ ಸುಮ್ಮನೆ ನೋಡಿದೆ. ಹೆಚ್ಚಲ್ಲ, ಒಂದೆರಡು ಉಸಿರಿನಷ್ಟು ಹೊತ್ತು. ನನ್ನ ಹಾವು ಎಷ್ಟು ಚೆನ್ನಾಗಿ ನುಂಗುತ್ತಿದೆ ಎಂದು ನನಗೆ ಖುಷಿಯಾಗಿತ್ತು.

ಆಮೇಲೆ ಅವಳು ಕಿರುಚುವುದನ್ನು ನಿಲ್ಲಿಸಿದಳು. ಬಾಯಿ ಆಡುತ್ತಿತ್ತು. ನಾನು ಹತ್ತಿರ ಇದ್ದೆನಲ್ಲ, ಅದಕ್ಕೆ ಗೊತ್ತಾಯಿತು. “ಎತ್ತಿ... ಎತ್ತಿ...” ಎನ್ನುತ್ತಿದ್ದಳು. ಆ ಮಾತು ಕಥೆಯಲ್ಲಿ ಇರಲಿಲ್ಲ.

“ನಿಲ್ಸಿ! ನಿಲ್ಸ್ರಪ್ಪೋ!” ಎಂದು ಕೂಗಿಕೊಂಡು ಎದ್ದೆ. ಯಾರೋ, “ಶ್, ಟೇಕ್ ನಡೀತಿದೆ!” ಎಂದು ನನ್ನ ಅಂಗಿ ಹಿಡಿದು ಎಳೆದರು. ಕಿತ್ತುಕೊಂಡು ಹೋಗಿ ದವಡೆಯ ಕೆಳಗೆ ಬಲಭುಜ ಕೊಟ್ಟೆ. ಹೆಗಲಿನಲ್ಲಿ ಏನೋ ಕಿತ್ತ ಹಾಗಾಯಿತು. ದವಡೆ ಒಂದು ಬೆರಳು ಮೇಲೆದ್ದಿತು. ಗಾರ್ಗಿ ಉಸಿರೆಳೆದುಕೊಂಡಳು. ಆ ಉಸಿರಿನ ಸದ್ದಿಗೆ ಎಲ್ಲರಿಗೂ ಅರ್ಥವಾಯಿತು. ಅತ್ತ ಸಣ್ಣಮಾದಯ್ಯ, “ಅಗ್ಗ ಅಗುರಾಗೋಯ್ತು, ಅಗ್ಗ ಅಗುರಾಗೋಯ್ತು!” ಎಂದು ಬಾಯಿ ಬಡಿದುಕೊಳ್ಳುತ್ತಾ ಓಡಿ ಬಂದ. ಅಲ್ಲಿಂದ ಹಾಗೇ ಜನರೇಟರ್ ವ್ಯಾನಿಗೆ ಓಡಿ ಜಾಕು ತಂದ. ಆ ವಯಸ್ಸಿನಲ್ಲಿ ಅವನು ಓಡಿದ್ದನ್ನು ನೀನು ನೋಡಬೇಕಿತ್ತು.

ಜಾಕು ಕೊಟ್ಟು ದವಡೆಯನ್ನು ಒಂದು ಗೇಣು ಎತ್ತಿದರು. ಅದಕ್ಕಿಂತ ಹೆಚ್ಚು ಎತ್ತಲಾಗಲಿಲ್ಲ, ಚೌಕಟ್ಟು ವಾಲುತ್ತಿತ್ತು. ನಾಲ್ಕು ಜನ ಗಾರ್ಗಿಯ ಕೈ ಹಿಡಿದು ಎಳೆದರು. ಅವಳು ಮತ್ತೆ ಕಿರುಚಿದಳು. ಹಲ್ಲುಗಳು ಜಾಕೆಟ್ಟು ಹರಿದು ಬೆನ್ನಿಗೆ, ಪಕ್ಕೆಗೆ ನಾಟಿದ್ದವು. ಎಳೆದಷ್ಟೂ ಒಳಗೆ ಇಳಿಯುತ್ತಿದ್ದವು. ಝೂನವರು ಹೇಳಿದ್ದನ್ನು ನಾನು ಒಂದಕ್ಷರ ಬಿಡದೆ ಮಾಡಿದ್ದೆನಲ್ಲ.

“ಎಳೀಬೇಡಿ! ಯಾರೂ ಎಳೀಬೇಡಿ!” ಎಂದು ಹೇಳಿ ನಾನು ಹೊಟ್ಟೆಯ ಕಡೆ ಓಡಿದೆ. ಜಿಪ್ಪು ತೆಗೆದು ಒಳಗೆ ನುಗ್ಗಿದೆ. ಒಳಗೆ ರಬ್ಬರ್ ಸೊಲ್ಯೂಷನ್ ವಾಸನೆ, ಕತ್ತಲು. ಹುರುಪೆಗಳ ಸಂದಿಯಿಂದ ಅಲ್ಲಲ್ಲಿ ಚೂರು ಬೆಳಕು. ಒಂದೇ ಕೈಯಲ್ಲಿ ತೆವಳಿಕೊಂಡು ಗಂಟಲವರೆಗೆ ಹೋದೆ. ಅವಳ ಬೂಟು ಸಿಕ್ಕಿತು.

“ಗಾರ್ಗಿ, ನಾನು ಪುಟ್ಟಸ್ವಾಮಿ. ನಿನ್ ಕಾಲು ಹಿಡ್ಕೊಂಡಿದೀನಿ. ಆ ಬೇರು ಬುಡು ಈಗ.”

“ಆಗಲ್ಲ ಅಂಕಲ್.”

“ಆ ಕಡೆಯಿಂದ ಆಚೆ ಬರಕ್ಕಾಗಲ್ಲಮ್ಮ, ಹಲ್ಲು ಬಿಡಲ್ಲ. ಒಳಕ್ಕೆ ಬಾ.”

“ಒಳಕ್ಕಾ?”

“ಹೂಂ, ಒಳಕ್ಕೇ. ನಾನಿದೀನಿ.”

ಹೊರಗೆ ಯಾರೋ ಅಳುತ್ತಿದ್ದರು. ಅಭಿರಾಮನೇ ಇರಬೇಕು.

“ನಿಜವಾಗ್ಲೂ ಆ ಕಡೆ ದಾರಿ ಇದ್ಯಾ ಅಂಕಲ್?”

“ನಾನೇ ಮಾಡಿರೋ ಹಾವು ಕಣಮ್ಮ. ಇದೆ.”

ಅವಳು ಬೇರು ಬಿಟ್ಟಳು. ಬಿಟ್ಟದ್ದು ನನಗೆ ಕಾಲಿನಲ್ಲೇ ಗೊತ್ತಾಯಿತು, ಮೈ ಒಮ್ಮೆ ಹಗುರವಾಯಿತು. ಮೆಲ್ಲಗೆ ನನ್ನ ಕಡೆಗೆ ಎಳೆದುಕೊಂಡೆ. ಹಲ್ಲುಗಳು ಒಂದೊಂದಾಗಿ ಬಿಟ್ಟುಕೊಟ್ಟವು. ಸೊಂಟ, ಎದೆ, ಆಮೇಲೆ ತಲೆ. ಕೂದಲೆಲ್ಲ ಬೆವರು. ಇಬ್ಬರೂ ತೆವಳಿಕೊಂಡು ಹೊಟ್ಟೆಯಿಂದ ಹೊರಗೆ ಬಂದೆವು. ಬಂದವಳು ನೆಲದ ಮೇಲೆ ಮಲಗಿ ಮೇಲಿನ ತಗಡು ನೋಡಿಕೊಂಡು ಉಸಿರಾಡಿದಳು. ಆಸ್ಪತ್ರೆಗೆ ಹೋಗುವವರೆಗೂ ನನ್ನ ಎಡಗೈ ಬಿಡಲಿಲ್ಲ.

ಅವಳ ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ಬೆನ್ನಿಗೆ ಹನ್ನೊಂದು ಹೊಲಿಗೆ. ನನ್ನದು ಹೆಗಲಿನ ಮೂಳೆ. ಈಗ ಇಬ್ಬರೂ ಓಡಾಡುತ್ತಿದ್ದೇವೆ, ನೀನು ಗಾಬರಿಯಾಗಬೇಡ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಗದ್ದಲದಲ್ಲಿ ಕ್ಯಾಮೆರಾ ನಿಲ್ಲಿಸಲು ಯಾರಿಗೂ ಹೊಳೆದಿರಲಿಲ್ಲ. ಎಲ್ಲವೂ ಅದರೊಳಗಿತ್ತು. ಹತ್ತು ದಿನ ಬಿಟ್ಟು ಅಭಿರಾಮ, ಅವರ ಮ್ಯಾನೇಜರ್ ಷಡಕ್ಷರಿ ಇಬ್ಬರೂ ಮನೆಗೆ ಬಂದರು. ಹಣ್ಣು ತಂದಿದ್ದರು. ಅಮ್ಮ ಕಾಫಿ ಕೊಟ್ಟಳು. ಆಮೇಲೆ ಅಭಿರಾಮ ತಲೆ ತಗ್ಗಿಸಿಕೊಂಡೇ ವಿಷಯಕ್ಕೆ ಬಂದ.

“ಪ್ರೊಡ್ಯೂಸರ್ ಆ ಶಾಟ್ ನೋಡಿದ್ರು ಸರ್. ಜಾಕು ತರೋದಕ್ಕೆ ಮುಂಚಿನದು. ಇಡೀ ಸಿನಿಮಾದಲ್ಲಿ ಅಷ್ಟು ನಿಜವಾಗಿರೋದು ಇನ್ನೊಂದಿಲ್ಲ. ಇಟ್ಕೊಳ್ಳಣ ಅಂತಾರೆ. ನೀವು ಹಾವನ್ನ ಸರಿ ಮಾಡ್ಕೊಟ್ರೆ ಮಿಕ್ಕಿದ್ದು ಮುಗಿಸಬಹುದು.”

“ನಿಜವಾಗಿರೋದಕ್ಕೇ ಅದನ್ನ ಹಾಕ್ಬಾರ್ದು ಕಣಪ್ಪ,” ಎಂದೆ. ಷಡಕ್ಷರಿ ಏನೋ ಕರಾರುಪತ್ರದ ಮಾತು ತೆಗೆದರು. “ಅದು ಅಳಿಸೋವರ್ಗೂ ನಾನು ಹಾವು ಮುಟ್ಟಲ್ಲ,” ಎಂದು ಹೇಳಿ ಎದ್ದೆ. ನಿನ್ನ ಅಮ್ಮ ಅವರ ಹಣ್ಣಿನ ಚೀಲವನ್ನು ಅವರ ಕೈಗೇ ಕೊಟ್ಟು ಕಳಿಸಿದಳು.

ಆದರೆ ಅದನ್ನು ಅಳಿಸಿದ್ದು ನನ್ನ ಮಾತಿಗಲ್ಲ. ಗಾರ್ಗಿ ಎದೆಗೆ ಪಟ್ಟಿ ಕಟ್ಟಿಕೊಂಡೇ ಅಭಿರಾಮನ ಮನೆಗೆ ಹೋದಳು. ನನ್ನನ್ನೂ ಜೊತೆಗೆ ಬನ್ನಿ ಎಂದಿದ್ದಳು. ಅಲಮೇಲು ಮೇಡಂ ಬಾಗಿಲಲ್ಲೇ ಅವಳ ಕೈ ಹಿಡಿದು ಒಳಗೆ ಕರೆದುಕೊಂಡರು. ನಿನ್ನನ್ನು ಹೆಸರು ಹಿಡಿದು ವಿಚಾರಿಸಿದರು. ಗಾರ್ಗಿ ಕುರ್ಚಿಯ ಅಂಚಿನಲ್ಲಿ ಕೂತು, ಸದ್ದು ಬಂದ್ ಮಾಡಿಸಿ, ಲ್ಯಾಪ್‌ಟಾಪಿನಲ್ಲಿ ಅದನ್ನು ಮೊದಲಿಂದ ಕೊನೆಯವರೆಗೆ ನೋಡಿದಳು. ನನಗೆ ನೋಡಲಾಗಲಿಲ್ಲ. ಗೋಡೆಯ ಮೇಲಿದ್ದ ಅಭಿರಾಮನ ತಾತನ ಪಟ ನೋಡುತ್ತಾ ನಿಂತಿದ್ದೆ.

“ಇದ್ರಲ್ಲಿ ನಿನ್ನ ಡಾಕ್ಟರ್ ಇಲ್ಲ ಅಭಿ,” ಎಂದಳು. “ಇದು ಗಾರ್ಗಿ. ಡಾಕ್ಟರ್‌ನ ತೋರ್ಸಕ್ಕೆ ನಾನು ಒಪ್ಕೊಂಡಿದ್ದೆ, ಗಾರ್ಗಿನ ತೋರ್ಸಕ್ಕಲ್ಲ.”

ಅವನು ಅವಳ ಮುಂದೆಯೇ ಅಳಿಸಿದ. ಇನ್ನೊಂದು ಪ್ರತಿ ಆಫೀಸಿನಲ್ಲಿ ಇತ್ತಂತೆ, ಅದನ್ನೂ ಫೋನ್ ಮಾಡಿ ಅಳಿಸಿದ. ಆಮೇಲೆ ಕ್ಷಮಿಸು ಎಂದ. “ನೀನು ‘ಸೂಪರ್’ ಅಂದಿದ್ದು ನನ್ನ ತಲೆಯಿಂದ ಹೋಗಕ್ಕೆ ಟೈಮ್ ಬೇಕು,” ಎಂದು ಗಾರ್ಗಿ ಎದ್ದಳು. ಮೇಡಂ ಕೊಟ್ಟ ಕುಂಕುಮ ಇಟ್ಟುಕೊಂಡು ಬಂದಳು. ಆಟೋದಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿದಳು, ನೋವಿರುವ ಹೆಗಲಿಗೇ. ನಾನು ಅಲುಗಾಡಲಿಲ್ಲ.

ಹಾವು ಈಗ ಇಲ್ಲ. ಮಿಕ್ಕ ಭಾಗವೆಲ್ಲ ಕಂಪ್ಯೂಟರಿನಲ್ಲಿ ಮಾಡಿಕೊಳ್ಳುತ್ತಾರಂತೆ. ಗಾರ್ಗಿಯ ಡಾಕ್ಟರು ಈಗ ಬಾವಿಗೆ ಬಿದ್ದು ಸಾಯುತ್ತಾಳಂತೆ. ಸಣ್ಣಮಾದಯ್ಯ ಎಂಬತ್ತು ಹಲ್ಲನ್ನೂ ಒಂದೊಂದಾಗಿ ಇಕ್ಕಳದಲ್ಲಿ ಕಿತ್ತ. “ಸಾಕು ಬುಡು, ಇನ್ ಆನೆ ಕುದ್ರೆ ಮಾಡ್ಕಂಡಿರಾಣ,” ಎಂದ. ಕಬ್ಬಿಣ ಮಂಡಿ ಮೊಹಲ್ಲಾದ ಗುಜರಿಗೆ ಹೋಯಿತು. ಹಾವಿನ ಚರ್ಮ ಮಳೆ ನೀರಿಗೆ ಚೆನ್ನಾಗಿ ತಡೆಯುತ್ತದೆ ಎಂದು ನಿನ್ನ ಅಮ್ಮ ಶೆಡ್ಡಿನ ಸೋರುವ ಮೂಲೆಯ ಮೇಲೆ ಹೊದಿಸಿದ್ದಾಳೆ. ನೋಡಿದವರು ನಗುತ್ತಾರೆ. ಸೋರುವುದಂತೂ ನಿಂತಿದೆ.

ಗಾರ್ಗಿ ಶಾಲೆಗೆ ಹೋಗಲು ಶುರುಮಾಡಿದ್ದಾಳೆ. ಭಾನುವಾರ ಬಂದು ಅಮ್ಮನ ಹತ್ತಿರ ಬಸ್ಸಾರು ಮಾಡುವುದು ಕಲಿಯುತ್ತಾಳೆ. ಇವತ್ತೂ ಬಂದಿದ್ದಳು.

ನಿನಗೆ ಆ ತಾಯಿ ಚಾಮುಂಡವ್ವ ಗಟ್ಟಿ ಆರೋಗ್ಯ, ಒಳ್ಳೆಯ ನಿದ್ದೆ ಕೊಡಲಿ. ತುಮಕೂರಿನಲ್ಲಿ ಚಳಿ ಶುರುವಾಗಿರಬೇಕು, ಬೆಚ್ಚಗಿರು.

ಇಂತಿ,
ನಿನ್ನ ಅಪ್ಪ
ಪುಟ್ಟಸ್ವಾಮಿ

ತಾ.ಕ.: ಕವರು ಅಂಟಿಸಿ ಆಗಿತ್ತು. ಮತ್ತೆ ಬಿಚ್ಚಿದ್ದೇನೆ.

ಎರಡು ವರ್ಷದ ಹಿಂದೆ ಆಯುಧಪೂಜೆಯ ದಿನ ನೀನು ಮಂಡ್ಯದ ಗಂಡನ ಮನೆಯಿಂದ ಫೋನ್ ಮಾಡಿದಾಗ ನಾನು ಶೆಡ್ಡಿನಲ್ಲಿದ್ದೆ. ಮರುದಿನದ ಮೆರವಣಿಗೆಯ ಸ್ತಬ್ಧಚಿತ್ರಕ್ಕೆ ಕೊನೇ ಕೈ ಬಣ್ಣ ಬಾಕಿಯಿತ್ತು. ಸಾಗರ್ ಹೊಡೀತಿದಾನೆ, ಬಂದು ಕರ್ಕೊಂಡು ಹೋಗಿ ಅಪ್ಪ ಎಂದು ನೀನು ಅತ್ತೆ. “ಹಬ್ಬದ ದಿನ ನಾಟಕ ಆಡ್ಬೇಡ ಕಣಮ್ಮ, ಸ್ವಲ್ಪ ಹೊಂದ್ಕೊಂಡು ಹೋಗು,” ಎಂದೆ. ಅಷ್ಟು ಹೇಳಿ ಅಪ್ಪ ಫೋನ್ ಕಟ್ ಮಾಡಿದ ಎಂದು ನೀನು ತಿಳಿದಿದ್ದೀಯ. ಕಟ್ ಮಾಡಲಿಲ್ಲ. ಹಾಗೇ ಬೆಂಚಿನ ಮೇಲೆ ಮಗುಚಿಟ್ಟು ಬ್ರಶ್ ತೆಗೆದುಕೊಂಡೆ. ನೀನು ಮಾತಾಡುತ್ತಲೇ ಇದ್ದೆ. ಆಮೇಲೆ ಬರೀ ‘ಅಪ್ಪ, ಅಪ್ಪ’ ಎನ್ನುತ್ತಿದ್ದೆ. ಅದು ತಾನಾಗಿ ನಿಲ್ಲುವವರೆಗೆ ನಾನು ಬಣ್ಣ ಹಾಕಿದೆ. ನಿನ್ನ ಕೈ ಮುರಿದಿತ್ತು ಎಂದು ಅಮ್ಮನಿಂದ ಗೊತ್ತಾದದ್ದು ಮೂರು ದಿನದ ಮೇಲೆ.

ಹಬ್ಬದ ಗದ್ದಲದಲ್ಲಿ ಏನೋ ಜಗಳ ಎಂದದ್ದು ಬಿಟ್ಟರೆ ನೀನು ಹೇಳಿದ್ದು ಸರಿಯಾಗಿ ಕೇಳಿಸಲಿಲ್ಲ ಎಂದು ಅಮ್ಮನಿಗೆ ಹೇಳಿದ್ದೇನೆ. ಅವಳು ನಿನಗೂ ಹಾಗೇ ಹೇಳಿದ್ದಾಳೆ. ಎರಡು ವರ್ಷದಿಂದ ಎಲ್ಲರಿಗೂ ಅದನ್ನೇ ಹೇಳಿಕೊಂಡು ಬಂದಿದ್ದೇನೆ.

ಕೇಳಿಸಿತ್ತು ಮಗಳೇ. ಎಲ್ಲ ಕೇಳಿಸಿತ್ತು.